ನಲವತ್ತು ಸೋಪು, ಒಂದು ಮೂಗು

"ನನ್ನ ಮನೆಯಲ್ಲೇ ತೂಕ ತಪ್ಪಿದ ಪದಾರ್ಥವೇ? ನಾನು ಬದುಕಿರುವವರೆಗೂ ಸಾಧ್ಯವಿಲ್ಲ!"

ಗುರುವಾರ ಬೆಳಿಗ್ಗೆ ಒಂಬತ್ತು ಗಂಟೆಗೆ, ಹಲ್ಲುಜ್ಜುವ ಬ್ರಷ್ಷನ್ನು ಕತ್ತಿಯಂತೆ ಮೇಲೆತ್ತಿ ತಕ್ಕಡಿ ಸಾಹೇಬರು ಈ ಘೋರ ಪ್ರತಿಜ್ಞೆ ಮಾಡಿದಾಗ, ಕೇಳಲು ಮನೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಇದ್ದಿದ್ದರೆ ಯಾರಾದರೂ ಕೈ ಹಿಡಿದು ಕೂರಿಸುತ್ತಿದ್ದರು. ಮುಂದಿನ ಅನಾಹುತವೂ ತಪ್ಪುತ್ತಿತ್ತು. ಏನು ಮಾಡುವುದು, ಸಾಹೇಬರ ಗ್ರಹಚಾರ!

ಸಾಹೇಬರು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರು. ಪೇಟೆಯ ತಕ್ಕಡಿಗಳಿಗೆಲ್ಲ ಮುದ್ರೆ ಒತ್ತುವ ಅಧಿಕಾರ ಇವರದು. ಇವರು ಬೀದಿಯ ಈ ತುದಿಯಲ್ಲಿ ಕಾಣಿಸಿಕೊಂಡರೆ ಆ ತುದಿಯ ಅಂಗಡಿಯವನು ತಕ್ಕಡಿಯ ತಟ್ಟೆಯನ್ನು ಅಂಗಿಯ ತೋಳಿನಿಂದ ಒರೆಸತೊಡಗುತ್ತಿದ್ದ. ಇಪ್ಪತ್ತೊಂದು ವರ್ಷದ ಸರ್ವಿಸು! ಆದರೆ ಇಪ್ಪತ್ತೊಂದು ವರ್ಷದಲ್ಲಿ ಯಾರೊಬ್ಬರೂ "ಸಾಹೇಬ್ರೇ, ಎಂಥಾ ಚಂದ ಮುದ್ರೆ ಒತ್ತಿದ್ರಿ!" ಎಂದು ಹೊಗಳಿದ್ದಿಲ್ಲ. ಈ ನೋವು ಅವರ ಎದೆಯಲ್ಲಿ ಬಹಳ ದಿನದಿಂದ ಕುಟುಕುತ್ತಿತ್ತು.

ಈಗ ನೋಡಿದರೆ, ಹೊಗಳಿಕೆಯೆಲ್ಲ ಹೆಂಡತಿಯ ಪಾಲಾಗಿತ್ತು. ಅದೂ ಯಾವುದಕ್ಕೆ? ಯಃಕಶ್ಚಿತ್ ಸೋಪಿಗೆ!

ಆಕೆ ಶಾಲೆಯೊಂದರ ಪ್ರಯೋಗಾಲಯದಲ್ಲಿ ಸಹಾಯಕಿ. ಆಸಿಡ್ಡು, ಕಾಸ್ಟಿಕ್ ಸೋಡಾ ಇವೆಲ್ಲ ಆಕೆಗೆ ಉಪ್ಪು ಸಕ್ಕರೆ ಇದ್ದ ಹಾಗೆ. ಐದು ತಿಂಗಳ ಹಿಂದೆ ಆಕೆಯ ಅಕ್ಕನಿಗೆ ಕ್ಯಾನ್ಸರ್ ಎಂದು ಗೊತ್ತಾಗಿ, ದೊಡ್ಡಾಸ್ಪತ್ರೆಯಲ್ಲಿ ಔಷಧಿ ಏರಿಸುವುದು ಶುರುವಾಯಿತು. ತಾಯಿ ಇಲ್ಲದ ತಂಗಿಯನ್ನು ಎತ್ತಿ ಆಡಿಸಿ, ಓದಿಸಿ, ಮದುವೆ ಮಾಡಿಕೊಟ್ಟ ಅಕ್ಕ. ಆ ಔಷಧಿ ಮೈಗೆ ಏರಿದಮೇಲೆ ಅಕ್ಕನಿಗೆ ಯಾವ ವಾಸನೆಯೂ ಆಗದು. ಹೂವಾಗದು, ಪೌಡರಾಗದು, ಆಸ್ಪತ್ರೆಯ ಹಸಿರು ಸೋಪಂತೂ ಕಣ್ಣಿಗೆ ಬಿದ್ದರೆ ಸಾಕು, ಕರುಳು ಕಿತ್ತು ಬರುವ ಹಾಗೆ ವಾಂತಿ. ಮೈ ತೊಳೆಯುವುದೇ ಒಂದು ಶಿಕ್ಷೆಯಾಗಿ ಹೋಯಿತು.

ಆಗ ತಂಗಿ ಹಟ ತೊಟ್ಟು ಕೊಬ್ಬರಿ ಎಣ್ಣೆ, ಹರಳೆಣ್ಣೆ, ಕಾಸ್ಟಿಕ್ ಸೋಡಾ ಬೆರೆಸಿ ನಾಲ್ಕು ಸೋಪು ಮಾಡಿದಳು. ಬಣ್ಣವಿಲ್ಲ, ಪರಿಮಳವಿಲ್ಲ, ಏನೆಂದರೆ ಏನೂ ಇಲ್ಲ. ಆರು ವಾರ ಗಾಳಿಗಿಟ್ಟು ಹದ ಬರಿಸಿ ಆಸ್ಪತ್ರೆಗೆ ಒಯ್ದಳು. ಅಕ್ಕ ಆವತ್ತು ಬಹಳ ದಿನಗಳ ಮೇಲೆ ಸೋಪು ಹಚ್ಚಿ ಸ್ನಾನ ಮಾಡಿ, ವಾಂತಿಯಿಲ್ಲದೆ, ಒಂದು ನಿದ್ದೆ ತೆಗೆದರು. ಪಕ್ಕದ ಹಾಸಿಗೆಯವರು ಕೇಳಿದರು. ಅದರ ಪಕ್ಕದವರೂ ಕೇಳಿದರು. ಕೊನೆಗೆ ವಾರ್ಡಿನ ಹೆಡ್ ಸಿಸ್ಟರೇ ಫೋನು ಮಾಡಿ, "ಅಮ್ಮಾ, ವಾರ್ಡಿಗೆಲ್ಲ ಆಗೋ ಹಾಗೆ ಒಂದು ನಲವತ್ತು ಮಾಡಿಕೊಡ್ತೀರಾ?" ಎಂದು ಅಂಗಲಾಚಿದರು.

ಆ ನಲವತ್ತು ಸೋಪುಗಳು ಆರು ವಾರ ಪೂರೈಸಿ, ಒಳಕೋಣೆಯ ಮರದ ಹಲಗೆಯ ಮೇಲೆ ಸಾಲಾಗಿ ಕೂತಿದ್ದವು. ಶನಿವಾರ ಬೆಳಿಗ್ಗೆ ಅವು ವಾರ್ಡು ಸೇರಬೇಕು. ಶನಿವಾರವೇ ಅಕ್ಕನ ಮುಂದಿನ ಸುತ್ತಿನ ಔಷಧಿ. ಅಕ್ಕನ ಹತ್ತಿರ ಇದ್ದ ಕೊನೆಯ ಸೋಪು ಸವೆದು ಉಗುರಿನಷ್ಟಾಗಿತ್ತು.

ಗುರುವಾರ ಬೆಳಿಗ್ಗೆ ಎಂಟು ಗಂಟೆಗೆ ಹೆಂಡತಿ ಅಕ್ಕನ ಜೊತೆ ಎರಡು ದಿನ ಇದ್ದು ಬರಲು ಹೊರಟಳು. ಹೊಸಿಲು ದಾಟುವ ಮುಂಚೆ ಹೇಳಿದಳು, "ರೀ, ಒಳಕೋಣೆಗೆ ಹೋಗಬೇಡಿ. ಹೋದ್ರೂ ಸೋಪು ಮುಟ್ಟಬೇಡಿ. ನೀವೂ ಒಂದು ಸಲ ಬಂದು ಅಕ್ಕನ್ನ ನೋಡಿದ್ರೆ ಚೆನ್ನಾಗಿರ್ತಿತ್ತು."

"ನಿನಗೇ ಗೊತ್ತಲ್ಲ, ನನಗೆ ಆಸ್ಪತ್ರೆ ವಾಸನೆ ಆಗಲ್ಲ."

"ಹೌದು, ಗೊತ್ತು," ಎಂದು ಆಕೆ ಹೊರಟುಹೋದಳು.

ಮುಟ್ಟಬೇಡಿ ಎಂದರೆ ಮುಟ್ಟದೆ ಇರುವ ಜಾತಿಯೇ ಇನ್ಸ್‌ಪೆಕ್ಟರದು? ಅರ್ಧ ಗಂಟೆಯೊಳಗೆ ಸಾಹೇಬರು ಹಲ್ಲುಜ್ಜುತ್ತಲೇ ಒಳಕೋಣೆ ಹೊಕ್ಕರು. ಒಂದು ಸೋಪನ್ನು ಅಂಗೈ ಮೇಲಿಟ್ಟು ತೂಗಿ ನೋಡಿದರು. ಇನ್ನೊಂದನ್ನು ಇಟ್ಟರು. ಹುಬ್ಬು ಗಂಟಾಯಿತು. ಮನೆಯಲ್ಲೇ ಇಟ್ಟುಕೊಂಡಿದ್ದ ಕಚೇರಿಯ ತಕ್ಕಡಿ ತಂದು ಒಂದೊಂದಾಗಿ ತೂಗಿದರು. ಒಂದು ಎಂಬತ್ತಾರು ಗ್ರಾಂ! ಒಂದು ನೂರಾ ಹದಿಮೂರು! ನಲವತ್ತು ಸೋಪಿಗೆ ನಲವತ್ತು ತೂಕ! ಇಂಥದ್ದಕ್ಕೆ ಪೇಟೆಯಲ್ಲಿ ಎಷ್ಟು ಜನರಿಗೆ ನೋಟಿಸು ಜಾರಿ ಮಾಡಿಲ್ಲ ಇವರು! ಪ್ರತಿಜ್ಞೆ ಹೊರಬಿದ್ದದ್ದು ಆಗಲೇ.

ಹೆಂಡತಿಗೆ ಫೋನು ಮಾಡಿದರು.

"ಲೇ ಇವಳೇ, ನಿನ್ನ ಸೋಪಿನ ತೂಕ ಎಷ್ಟಿರಬೇಕು ಅಂತ ಇಟ್ಕೊಂಡಿದೀಯ?"

"ಚಾಕುವಿಗೆ ಬಂದ ಹಾಗೆ ಕೊಯ್ದಿದೀನಿ. ಯಾಕೆ?"

"ಚಾಕುವಿಗೆ ಬಂದ ಹಾಗೆ! ಇದನ್ನ ನನ್ನ ಕಿವಿಗೆ ಕೇಳಿಸ್ತೀಯಾ?"

"ಸೋಪು ಮುಟ್ಟಿದ್ರಾ?"

"ಛೇ ಛೇ, ಸುಮ್ನೆ ಕೇಳ್ದೆ," ಎಂದು ಸಾಹೇಬರು ಫೋನಿಟ್ಟರು. ಸುಳ್ಳು ಹೇಳುವಾಗ ಅವರ ಎಡಗೈಯಲ್ಲಿ ತೊಂಬತ್ತೊಂಬತ್ತು ಗ್ರಾಮಿನ ಸೋಪಿತ್ತು.

ನಲವತ್ತನ್ನೂ ತುರಿದು, ಕರಗಿಸಿ, ಮತ್ತೆ ಅಚ್ಚು ಹಾಕಿ, ಒಂದೊಂದನ್ನೂ ಕೂದಲೆಳೆ ಹೆಚ್ಚುಕಮ್ಮಿಯಿಲ್ಲದ ನೂರು ಗ್ರಾಂ ಮಾಡಿ ನಿಲ್ಲಿಸುವುದು ಎಂದು ಸಾಹೇಬರು ತೀರ್ಮಾನಿಸಿದರು. ಸೋಪನ್ನು ಹೀಗೆ ಕರಗಿಸಬಹುದು ಎಂಬುದನ್ನು ಫೋನಿನಲ್ಲಿ ವಿಡಿಯೋ ನೋಡಿ ತಿಳಿದುಕೊಂಡರು. ಆ ವಿಡಿಯೋದ ಹೆಂಗಸು ಕೊನೆಯಲ್ಲಿ ನಗುನಗುತ್ತಾ, "ಈಗ ನಿಮಗಿಷ್ಟವಾದ ಸುಗಂಧ ತೈಲ ಬೆರೆಸಿ" ಎಂದುಬಿಟ್ಟಳು. ಪುಣ್ಯಾತ್ಗಿತ್ತಿ, ಅದಕ್ಕೆ ಮುಂಚೆಯೇ ಬಾಯಿ ಮುಚ್ಚಿಕೊಂಡಿದ್ದರೆ ಏನಾಗುತ್ತಿತ್ತು!

ವಾರ್ಡಿನವರಿಗೆ ಪರಿಮಳ ಆಗದು ಎಂಬುದು ಸಾಹೇಬರಿಗೆ ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ. ಹೆಂಡತಿ ಐದು ತಿಂಗಳಿಂದ ಊಟಕ್ಕೆ ಕೂತಾಗಲೆಲ್ಲ ಅದನ್ನೇ ಹೇಳುತ್ತಿದ್ದಳು. ಸಾಹೇಬರು "ಹೂಂ" ಎನ್ನುತ್ತಿದ್ದರು. ಆದರೆ ಅವರ ತಲೆಯೊಳಗೆ ಒಂದು ಸಿದ್ಧಾಂತ ಮೊಳೆತಿತ್ತು: ಆ ರೋಗಿಗಳಿಗೆ ಆಗದಿರುವುದು ಅಗ್ಗದ ಕೆಮಿಕಲ್ ಸೆಂಟು. ಗಿಡದಿಂದ ಭಟ್ಟಿ ಇಳಿಸಿದ ಶುದ್ಧ ತೈಲ ಔಷಧಿ ಇದ್ದ ಹಾಗೆ, ಅದು ಯಾರಿಗೆ ಆಗುವುದಿಲ್ಲ? ವಾರ್ಡಿಗೆ ವಾರ್ಡೇ ಘಮಘಮಿಸಿ, ಹೆಡ್ ಸಿಸ್ಟರು ಓಡಿಬಂದು, "ಇದು ಯಾರ ಕೈಗುಣ?" ಎಂದು ಕೇಳುವ ದೃಶ್ಯ ಅವರ ಕಣ್ಣಿಗೆ ಕಟ್ಟಿತು. ಕಚೇರಿಗೆ ಎರಡು ದಿನ ರಜೆ ಹಾಕಿ ತೈಲದ ಅಂಗಡಿಗೆ ನಡೆದರು.

ಅಂಗಡಿಯವನು ಸಾಹೇಬರನ್ನು ಕಂಡು ಎದ್ದು ನಿಂತ. ತಕ್ಕಡಿ ಒರೆಸಿದ. ಇವರು ಗಿರಾಕಿಯಾಗಿ ಬಂದಿದ್ದಾರೆಂದು ತಿಳಿದಮೇಲೆ ಇನ್ನಷ್ಟು ಬೆವರಿದ.

"ಲ್ಯಾವೆಂಡರು ಕೊಡು. ನಿಂಬೆಹುಲ್ಲಿಂದು ಕೊಡು. ಗಟ್ಟಿಯಾಗಿ ನಿಲ್ಲೋ ಪರಿಮಳ ಯಾವುದು?"

"ಲವಂಗದ ಎಣ್ಣೆ ಸಾರ್. ಆದ್ರೆ ಜೋಪಾನ, ಬಲು ಖಾರ. ನೂರು ಗ್ರಾಂ ಸೋಪಿಗೆ ಅರ್ಧ ಗ್ರಾಂ ದಾಟಿಸಬೇಡಿ. ಮೈ ಉರಿಯುತ್ತೆ."

"ನನಗೇ ಅಳತೆ ಹೇಳಿಕೊಡ್ತೀಯೇನಯ್ಯಾ?"

"ಅಯ್ಯೋ, ಎಲ್ಲಾದ್ರೂ ಉಂಟಾ ಸಾರ್!" ಎಂದ ಅಂಗಡಿಯವನು ಕ್ಯಾನಿನಿಂದ ಶೀಶೆಗಳಿಗೆ ಸುರಿಯತೊಡಗಿದ. ಇಪ್ಪತ್ತು ಗ್ರಾಂ ಕೇಳಿದ್ದಕ್ಕೆ ಮೂವತ್ತು ಸುರಿದ, ಆಮೇಲೂ ಭಯ ಹೋಗದೆ ಕತ್ತಿನವರೆಗೆ ತುಂಬಿಸಿದ. ಸಾಹೇಬರಿಗೆ ಕಮ್ಮಿ ತೂಗುವ ಎದೆಗಾರಿಕೆ ಇಡೀ ಪೇಟೆಯಲ್ಲಿ ಯಾರಿಗಿತ್ತು!

ಮನೆಗೆ ಬಂದು ಸೊಂಟಕ್ಕೆ ಹೆಂಡತಿಯ ಏಪ್ರನ್ನು ಬಿಗಿದರು. ನಲವತ್ತು ಸೋಪು ತುರಿಯುವಷ್ಟರಲ್ಲಿ ಬೆರಳ ತುದಿಯೂ ಒಂದಿಷ್ಟು ತುರಿದುಹೋಯಿತು. ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿ, ಅದರೊಳಗೆ ಇನ್ನೊಂದು ಪಾತ್ರೆ ಇಟ್ಟು, ತುರಿಗೆ ಸ್ವಲ್ಪ ನೀರು ಚಿಮುಕಿಸಿ ಕಲಕಿದರು, ಕಲಕಿದರು, ಕಲಕಿಯೇ ಕಲಕಿದರು! ಮೂರು ಗಂಟೆ ಹೊತ್ತಿಗೆ ಅದೊಂದು ಅಂಟಂಟು ಮುದ್ದೆಯಾಯಿತು. ಆಗ ಲೆಕ್ಕದ ಪ್ರಕಾರ, ತಕ್ಕಡಿಯಲ್ಲಿ ತೂಗಿಯೇ, ಮೂರೂ ತೈಲಗಳನ್ನು ಸುರಿದರು. ಆಹಾ, ಅಡುಗೆಮನೆ ನಂದನವನವಾಯಿತು!

ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಕಾಲು ಗಂಟೆ ಕಲಕಿದ ಮೇಲೆ ಸಾಹೇಬರು ಬಗ್ಗಿ ಮೂಸಿದರೆ, ಪರಿಮಳ ಮಾಯ! ಮತ್ತೆ ಮೂಸಿದರು. ಏನೂ ಇಲ್ಲ. ಅಷ್ಟು ಹೊತ್ತು ಅದೇ ಹಬೆಯಲ್ಲಿ ಮುಖವಿಟ್ಟು ನಿಂತವರ ಮೂಗು ಸತ್ತುಹೋಗಿರುತ್ತದೆ ಎಂಬ ಸಾಮಾನ್ಯ ಜ್ಞಾನ ಇವರಿಗೆಲ್ಲಿಂದ ಬರಬೇಕು? ತೂಕಕ್ಕೆ ಮುದ್ರೆ ಒತ್ತುವ ಇಲಾಖೆಯಲ್ಲಿ ಮೂಗಿಗೆ ಮುದ್ರೆ ಒತ್ತುವ ಪದ್ಧತಿ ಇಲ್ಲ. "ಕಳ್ಳ ನನ್ಮಗ, ನೀರು ಬೆರೆಸಿ ಕೊಟ್ಟಿದ್ದಾನೆ!" ಎಂದು ಅಂಗಡಿಯವನಿಗೆ ಶಾಪ ಹಾಕಿ, ಲವಂಗದ ಶೀಶೆಯನ್ನು ಇನ್ನಷ್ಟು ಬಗ್ಗಿಸಿದರು. ಮೂಸಿದರು. ಇನ್ನೂ ಬಗ್ಗಿಸಿದರು. ಜೀವಮಾನದಲ್ಲಿ ಮೊದಲ ಸಲ ಸಾಹೇಬರು ತಕ್ಕಡಿಯನ್ನು ಪಕ್ಕಕ್ಕೆ ತಳ್ಳಿ ಅಂದಾಜಿಗೆ ಇಳಿದಿದ್ದರು. ಶೀಶೆ ಬರಿದಾಯಿತು.

ಬಾಗಿಲು ಬಡಿದ ಸದ್ದು. ಎದುರು ಮನೆಯ ಹಲ್ಲಿನ ಡಾಕ್ಟರು ಕರ್ಚೀಫು ಮೂಗಿಗೆ ಒತ್ತಿಕೊಂಡು ನಿಂತಿದ್ದರು.

"ಏನ್ ಸಾಹೇಬ್ರೇ, ನಾನು ರಜಾ ಹಾಕಿ ಮನೇಲಿದ್ರೆ ನನ್ನ ಕ್ಲಿನಿಕ್ಕೇ ಹುಡುಕ್ಕೊಂಡು ಬಂದ ಹಾಗಿದೆಯಲ್ಲ! ಯಾರ ಹಲ್ಲು ಕೀಳ್ತಾ ಇದೀರ?"

"ಸೋಪು ಮಾಡ್ತಿದೀನಿ. ನಿಮಗೆ ವಾಸನೆ ಬರ್ತಿದೆಯಾ?"

"ವಾಸನೆಯಾ! ನನ್ನ ಹೆಂಡ್ತಿ ಕಣ್ಣಲ್ಲಿ ನೀರು ಸುರೀತಿದೆ ಕಣ್ರೀ!"

"ಹಾಗಾದ್ರೆ ಪರವಾಗಿಲ್ಲ," ಎಂದು ಸಾಹೇಬರು ತೃಪ್ತಿಯಿಂದ ಬಾಗಿಲು ಹಾಕಿಕೊಂಡರು. ಹೊಟ್ಟೆಕಿಚ್ಚಿನವರ ಮಾತಿಗೆಲ್ಲ ಕಿವಿಗೊಡುತ್ತಾ ಕೂತರೆ ಮಹತ್ಕಾರ್ಯಗಳು ಆಗುವುದುಂಟೆ?

ಅಚ್ಚಿಗೆ ಒತ್ತಿದರು, ಶುಕ್ರವಾರ ಬೆಳಿಗ್ಗೆ ಕೊಯ್ದರು. ಒಂದೊಂದನ್ನೂ ತೂಗಿ, ಕೆರೆದು, ಅಂಟಿಸಿ, ನೂರು ಗ್ರಾಮಿಗೆ ತಂದು ನಿಲ್ಲಿಸಿದರು. ಮಧ್ಯಾಹ್ನ ಊಟ ಮಾಡಿ ಬಂದು ಖುಷಿಗೆಂದು ಒಂದನ್ನು ಮತ್ತೆ ತಕ್ಕಡಿಗಿಟ್ಟರೆ ತೊಂಬತ್ತೇಳು! ಇನ್ನೊಂದು ತೊಂಬತ್ತಾರು! ಸುರಿದ ನೀರು ಆರುತ್ತಿತ್ತು, ಸೋಪು ಒಣಗುತ್ತಿತ್ತು, ತೂಕ ಸಾಹೇಬರ ಕಣ್ಣೆದುರೇ ಜಾರಿ ಹೋಗುತ್ತಿತ್ತು. ಸಂಜೆಯ ಹೊತ್ತಿಗೆ ಮತ್ತೆ ನಲವತ್ತು ಸೋಪಿಗೆ ನಲವತ್ತು ತೂಕ. ಜೊತೆಗೆ ಸಾಹೇಬರ ಎರಡೂ ಅಂಗೈ ಕೆಂಪಗೆ ಊದಿ ಧಗಧಗ ಉರಿಯುತ್ತಿದ್ದವು.

ಆ ಸಂಜೆ ಆಸ್ಪತ್ರೆಯಿಂದ ವಾಪಸಾದ ಹೆಂಡತಿ, ವಾಸನೆ ಮೂಗಿಗೆ ಬಡಿದು, ಬೀದಿಯ ತಿರುವಿನಲ್ಲೇ ನಿಂತಳಂತೆ. ಆಮೇಲೆ ಓಡುತ್ತಾ ಬಂದಳು. ಚಪ್ಪಲಿ ಬಿಡದೆ ಒಳಕೋಣೆಗೆ ಹೋದಳು. ಹಲಗೆಯ ಮೇಲೆ ಹಳದಿ ಬಣ್ಣಕ್ಕೆ ತಿರುಗಿದ ನಲವತ್ತು ವಿಕಾರ ಮುದ್ದೆಗಳು ಕೂತಿದ್ದವು.

"ಹೇಗಿದೆ?" ಎಂದರು ಸಾಹೇಬರು. ಆ ಪ್ರಶ್ನೆ ಕೇಳಲು ಎಷ್ಟು ಧೈರ್ಯ ಬೇಕು ನೋಡಿ!

ಆಕೆ ಒಂದನ್ನು ಎತ್ತಿ ಮೂಗಿನ ಹತ್ತಿರ ತಂದು, ತಕ್ಷಣ ಕೆಳಗಿಟ್ಟಳು.

"ಶುದ್ಧ ಗಿಡದ ಎಣ್ಣೆ. ಕೆಮಿಕಲ್ ಒಂದು ತೊಟ್ಟೂ ಇಲ್ಲ. ನಾನೇ ಖುದ್ದು..."

"ಎಲ್ಲಾನೂ ಕರಗಿಸಿದ್ರಾ?"

"ಎಲ್ಲಾನೂ."

"ಒಂದೂ ಉಳಿಸಲಿಲ್ವಾ? ಒಂದೇ ಒಂದು? ಅಕ್ಕನಿಗೆ?"

ಸಾಹೇಬರು ಒಂದು ಮುದ್ದೆಯನ್ನು ಎತ್ತಿ ನೋಡಿ ಮತ್ತೆ ಹಲಗೆಗಿಟ್ಟರು. "ಇನ್ನೊಂದ್ಸಲ ಮಾಡಿದ್ರಾಯ್ತು ಬಿಡು. ನಾನೂ ಕೈಜೋಡಿಸ್ತೀನಿ," ಎಂದರು.

"ಆರು ವಾರ ಬೇಕು ರೀ."

"ಆರು ವಾರ ಏನು ಮಹಾ..."

"ಅಕ್ಕನಿಗೆ ಹೋಗಿ ಹೇಳ್ಲಾ? ಆರು ವಾರ ತಡಿ, ನಿನ್ನ ತಂಗಿ ಗಂಡ ತೂಕ ಸರಿ ಮಾಡ್ತಿದಾರೆ ಅಂತ ಹೇಳ್ಲಾ?"

ಆಕೆ ಕಿರುಚಿದ್ದರೆ ಸಾಹೇಬರು ತಾವೂ ಕಿರುಚಿ ಬಚಾವಾಗುತ್ತಿದ್ದರು. ಆಕೆ ಕಿರುಚಲಿಲ್ಲ. ಖಾಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ನೆಲದ ಮೇಲೆ ಕೂತಳು.

"ನಾನು ನಿಮಗೆ ಹೇಳಿರಲಿಲ್ವಾ, ಅವಳಿಗೆ ವಾಸನೆ ಆಗಲ್ಲ ಅಂತ?"

"ಹೇಳಿದ್ದೆ. ಆದ್ರೆ ಒಳ್ಳೇ ಪರಿಮಳ ಆದ್ರೆ..."

"ಆಸ್ಪತ್ರೆ ವಾಸನೆ ಆಗಲ್ಲ ಅಂತ ಐದು ತಿಂಗಳು ನೀವು ಆ ಕಡೆ ತಲೆ ಹಾಕಲಿಲ್ಲ. ನಾನೇನಾದ್ರೂ ಅಂದ್ನಾ? ಒಳ್ಳೇ ಆಸ್ಪತ್ರೆ ರೀ, ಬನ್ನಿ, ಆಗುತ್ತೆ ಅಂದ್ನಾ? ನಿಮಗೆ ಆಗಲ್ಲ ಅಂದ್ರಿ, ನಾನು ನಂಬಿದೆ. ಅವಳಿಗೆ ಆಗಲ್ಲ ಅಂದ್ರೆ ನೀವ್ಯಾಕೆ ನಂಬಲಿಲ್ಲ?"

ಸಾಹೇಬರಿಗೆ ನಾಚಿಕೆಯಾಯಿತು. ಸುಳ್ಳೇಕೆ, ಅಳುವೂ ಬಂತು. ಆದರೆ ಕಣ್ಣೊರೆಸಿಕೊಳ್ಳಲು ಹೋಗಿ ಲವಂಗದ ಕೈ ತಗುಲಿ, ನಿಜವಾದ ಅಳು ಯಾವುದು, ಉರಿಯ ಅಳು ಯಾವುದು ಎಂದು ಹೆಂಡತಿಗೆ ಗೊತ್ತಾಗುವ ಹಾಗಿರಲಿಲ್ಲ. ಆಕೆ ನೋಡಲೂ ಇಲ್ಲ.

ಶನಿವಾರ ಬೆಳಿಗ್ಗೆ ಆಕೆ ಖಾಲಿ ಚೀಲ ಹಿಡಿದು ಆಸ್ಪತ್ರೆಗೆ ಹೊರಟಳು. ಸಾಹೇಬರು ಹಿಂದೆಯೇ ಹೋಗಿ ಅಕ್ಕನ ಕಾಲಿಗೆ ಬಿದ್ದು ಕ್ಷಮೆ ಕೇಳುವುದೆಂದು ನಿರ್ಧರಿಸಿದರು. ವಾಸನೆ ಹೋಗಲೆಂದು ತಿಕ್ಕಿ ತಿಕ್ಕಿ ಸ್ನಾನ ಮಾಡಿದರು. ಒಮ್ಮೆಯಲ್ಲ, ಮೂರು ಸಲ. ಮೂರನೆಯ ಸಲ ನೊರೆ ತೊಳೆಯುವಾಗ ಹೊಳೆಯಿತು: ಬಚ್ಚಲಿನ ಸೋಪು ಸೇರಿ ಮನೆಯಲ್ಲಿದ್ದ ಎಲ್ಲ ಸೋಪನ್ನೂ ಕರಗಿಸಿಬಿಟ್ಟಿದ್ದಾರೆ, ಈಗ ಮೈಗೆ ತಿಕ್ಕುತ್ತಿರುವುದು ತಮ್ಮದೇ ಸೃಷ್ಟಿಯನ್ನು!

ಬಸ್ಸಿನಲ್ಲಿ ಪಕ್ಕದವನು ಎದ್ದು ಹೋಗಿ ನಿಂತ. ಆಸ್ಪತ್ರೆಯ ಲಿಫ್ಟಿನಲ್ಲಿ ಎರಡನೇ ಮಹಡಿಗೆ ಹೋಗಬೇಕಾದವರೆಲ್ಲ ಮೊದಲನೆಯದರಲ್ಲೇ ಇಳಿದರು. ವಾರ್ಡಿನ ಗಾಜಿನ ಬಾಗಿಲ ಮುಂದೆ ಸಾಹೇಬರು ಕಾಲಿಡುವ ಮುಂಚೆಯೇ ಒಳಗೆ ಯಾರೋ ಓಕರಿಸಿದ ಸದ್ದು ಕೇಳಿಸಿತು. ಹೆಡ್ ಸಿಸ್ಟರು ಬಾಣದಂತೆ ಹೊರಬಂದರು.

"ನಿಲ್ಲಿ, ನಿಲ್ಲಿ! ಅಲ್ಲೇ ನಿಲ್ಲಿ! ಯಾರು ನೀವು?"

"ಮೂರನೇ ಹಾಸಿಗೆಯವರ ತಂಗಿ ಗಂಡ."

ಸಿಸ್ಟರು ಅವರನ್ನು ಮೇಲಿಂದ ಕೆಳಗೆ ನೋಡಿದರು. "ಸೋಪು ಮಾಡೋ ಆಯಮ್ಮನಿಗೆ ಗಂಡ ಇದಾರಾ? ಐದು ತಿಂಗಳಿಂದ ಒಂದು ದಿನ ನೋಡಿಲ್ಲವಲ್ಲ. ಪಾಪ, ಒಂಟಿ ಹೆಂಗಸು ಅಂದ್ಕೊಂಡಿದ್ವಿ."

ಗಾಜಿನಾಚೆ ಮೂರನೇ ಹಾಸಿಗೆಯಲ್ಲಿ ಅಕ್ಕ ದಿಂಬಿಗೊರಗಿ ಕೂತಿದ್ದರು. ತಲೆಗೆ ಬಟ್ಟೆ ಸುತ್ತಿತ್ತು, ಕೈ ಕಡ್ಡಿಯಾಗಿತ್ತು. ಹೆಂಡತಿ ಈ ಕಡೆಗೆ ಬೆನ್ನು ಹಾಕಿ, ಬರಿ ನೀರಲ್ಲಿ ಅದ್ದಿದ ಬಟ್ಟೆಯಿಂದ ಆ ಕೈ ಒರೆಸುತ್ತಿದ್ದಳು. ಅಕ್ಕ ಸಾಹೇಬರನ್ನು ನೋಡಿದರು. ಪಕ್ಕದ ಮೇಜಿನಿಂದ ಫೋನು ತೆಗೆದರು. ಸಾಹೇಬರ ಜೇಬಿನಲ್ಲಿ ಫೋನು ಬಡಿದುಕೊಂಡಿತು.

"ಅಕ್ಕಾ, ತಪ್ಪಾಯ್ತು. ನನ್ನ ಮೆಟ್ಟು ತಗೊಂಡು ನನಗೇ ಹೊಡೀರಿ."

"ಅದಕ್ಕೆಲ್ಲ ಕೈಯಲ್ಲಿ ಶಕ್ತಿ ಇಲ್ಲಪ್ಪ," ಎಂದರು ಅಕ್ಕ. ದನಿ ಸಣ್ಣದಾಗಿತ್ತು, ಆದರೆ ಸ್ಪಷ್ಟವಾಗಿತ್ತು. "ಕ್ಷಮೆ ಗಿಮೆ ಏನೂ ಬೇಡ. ಒಂದು ಉಪಕಾರ ಮಾಡ್ತೀರಾ?"

"ಹೇಳಿ ಅಕ್ಕಾ! ಪ್ರಾಣ ಕೇಳಿದ್ರೂ ಕೊಡ್ತೀನಿ!"

"ಪ್ರಾಣ ನೀವೇ ಇಟ್ಕೊಳ್ಳಿ. ಹೊಸ ಸೋಪು ಹದಕ್ಕೆ ಬರೋಕೆ ಆರು ವಾರ ಆಗುತ್ತಂತೆ. ಅಲ್ಲೀವರೆಗೆ ಇರೋಕೆ ನಾನು ನೋಡ್ತೀನಿ. ಮನೇಲಿ ಇಲ್ದೆ ಇರೋಕೆ ನೀವು ನೋಡಿ. ಎಲ್ಲಾದ್ರೂ ದೂರದ ಊರಿಗೆ ವರ್ಗ ಸಿಗುತ್ತಾ ಕೇಳಿ."

ಹೆಂಡತಿ ಆಗಲೂ ತಿರುಗಿ ನೋಡಲಿಲ್ಲ. ಬಟ್ಟೆ ಹಿಂಡಿ, ಅಕ್ಕನ ಇನ್ನೊಂದು ಕೈ ಎತ್ತಿಕೊಂಡಳು.

ಸೋಮವಾರ ಸಾಹೇಬರು ಮೇಲಧಿಕಾರಿಯ ಕೋಣೆಗೆ ಹೋಗಿ ವರ್ಗಾವಣೆಯ ಅರ್ಜಿ ಮುಂದಿಟ್ಟರು. ಕಾರಣ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಮೇಲಧಿಕಾರಿಗಳು ಒಂದು ಕೈಯಲ್ಲಿ ಮೂಗು ಮುಚ್ಚಿ, ಇನ್ನೊಂದು ಕೈಯಲ್ಲಿ ಸಹಿ ಹಾಕಿ, "ಇವತ್ತೇ ಹೊರಡಿ" ಎಂದರು. ಇಪ್ಪತ್ತೊಂದು ವರ್ಷದಲ್ಲಿ ಸಾಹೇಬರ ಯಾವ ಅರ್ಜಿಯೂ ಅಷ್ಟು ಬೇಗ ಮಂಜೂರಾಗಿರಲಿಲ್ಲ.